ಮಾವನವರ ಹವಳ

ನನ್ನ ಮಾವನವರ ಬಲಗೈ ಮೊಳಕೈವರೆಗೆ ಬೆಳ್ಳಗಿರುತ್ತಿತ್ತು. ಉಪ್ಪುನೀರು ಒಣಗಿ ಕೂದಲಿಗೆ ಅಂಟಿದ ಪುಡಿ ಅದು. ನಾರಾಯಣಪೇಟೆಯ ತಮ್ಮ ಸೀರೆ ಅಂಗಡಿಯಲ್ಲಿ ಅವರು ಕಪ್ಪು ಸೀರೆಯ ಮಡಿಕೆ ಬಿಚ್ಚಿದರೆ ಪುಡಿ ಅದರ ಮೇಲೆ ಉದುರುತ್ತಿತ್ತು. ಉಫ್ ಎಂದು ಊದಿ, ಏನೂ ಆಗದವರಂತೆ ಬೆಲೆ ಹೇಳುತ್ತಿದ್ದರು.

ಮನೆಯ ಪಡಸಾಲೆಯಲ್ಲಿ ಅವರದೊಂದು ಗಾಜಿನ ತೊಟ್ಟಿ. ಶುದ್ಧ ನೀರಿಗೆ ಹೈದರಾಬಾದಿನಿಂದ ತಂದ ಉಪ್ಪು ಬೆರೆಸಿ, ಕಡಲು ಕಾಣದ ಊರಲ್ಲಿ ಕಡಲ ನೀರು ಮಾಡಿಕೊಂಡಿದ್ದರು. ನಾನು ರಾಯಚೂರಿನಿಂದ ಸೊಸೆಯಾಗಿ ಬಂದ ಬೇಸಿಗೆಯಲ್ಲೇ ತೊಟ್ಟಿಗೊಂದು ಜೀವಂತ ಹವಳ ಬಂತು, ಹೂವಿನಂತೆ ಅರಳುವ ಮೆತ್ತನೆ ಮೈಯ ಕಡಲಜೀವಿ. ತೆಲಂಗಾಣ ಬೇರೆ ರಾಜ್ಯವಾದದ್ದೂ ಅದೇ ಬೇಸಿಗೆ.

"ಹವಳ ಅಂದ್ರ ಕೊರಳಾಗ ಹಾಕ್ಕೊಳ್ಳೂದು. ಇವರು ನೀರಾಗ ಹಾಕ್ಕೊಂಡು ಕುಂತಾರ," ಎಂದು ಅತ್ತೆ ನಕ್ಕರು.

ಮಾವನವರು ನಗಲಿಲ್ಲ. ಹವಳವಿದ್ದ ಪ್ಲಾಸ್ಟಿಕ್ ಚೀಲವನ್ನು ಕಟ್ಟಿದಂತೆಯೇ ತೊಟ್ಟಿಯಲ್ಲಿ ತೇಲಬಿಟ್ಟರು, ಎರಡೂ ನೀರಿನ ಬಿಸುಪು ಸಮನಾಗಲೆಂದು. ಆಮೇಲೆ ಅದನ್ನು ಅದರ ನೀರಿನೊಂದಿಗೇ ಡಬ್ಬಿಗಿಳಿಸಿ, ಆಸ್ಪತ್ರೆಯ ಗ್ಲೂಕೋಸ್ ಪೈಪಿನಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಟ್ಟರು. ಡಬ್ಬಿ ಹಿಡಿದವಳು ನಾನು. ಹವಳದ ನಡುವಿನ ಸಣ್ಣ ಸೀಳು ತೋರಿಸಿ, "ಇದು ಅದರ ಬಾಯಿ," ಎಂದರು. ನನ್ನ ಕೈ ಸೋತು ಅಲುಗಿದರೆ, "ನಿಧಾನಕ, ಹುಡುಗಿ. ದೂರದಿಂದ ಬಂದೈತಿ. ಒಮ್ಮಿಗೇ ನಮ್ಮ ನೀರು ಕುಡಿ ಅಂದ್ರ ಸಾಯ್ತೈತಿ." ಕಡೆಗೆ ಅದನ್ನು ತಳದಲ್ಲಿ, ಬೆಳಕು ಕಡಿಮೆ ಬೀಳುವ ಮೂಲೆಯಲ್ಲಿಟ್ಟರು. ಒಗ್ಗಿದಂತೆಲ್ಲ ಮೇಲೇರಿಸಬೇಕಂತೆ.

ಇಷ್ಟು ಮೆತ್ತಗಿನ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಆ ಮನೆಗೆ ಕಾಲಿಟ್ಟ ಸಂಜೆಯೇ ನನ್ನ ರೊಟ್ಟಿಯನ್ನು ದೀಪಕ್ಕೆ ಹಿಡಿದು, "ಎಮ್ಮಿ ನಾಲಿಗಿಯಷ್ಟು ದಪ್ಪ ಐತಿ. ನಿಮ್ಮ ರಾಯಚೂರಾಗ ಇದಕ್ಕ ರೊಟ್ಟಿ ಅಂತಾರೇನು?" ಎಂದಿದ್ದವರು ಅವರು.

ಹತ್ತಿರದ ಮಕ್ತಲದ ಕಾಲೇಜಿನಿಂದ ನನಗೆ ಫೋನು ಬಂದದ್ದು ಹೊಸ ರಾಜ್ಯದ ಸಂಭ್ರಮದ ದಿನ ಎಂದೇ ನನ್ನ ನೆನಪು. ಪೂರ್ತಿ ನಂಬುವಂತಿಲ್ಲ; ಕಹಿಯಾದದ್ದನ್ನೆಲ್ಲ ಒಂದೇ ದಿನಕ್ಕೆ ತಂದು ಕಟ್ಟುವ ಚಾಳಿ ನೆನಪಿಗಿದೆ. ಬೀದಿಯಲ್ಲಿ ಪಟಾಕಿ, ಡೋಲು. ಸದ್ದಿಗೆ ಹವಳ ಬೆದರೀತೆಂದು ಮಾವನವರು ತೊಟ್ಟಿಗೆ ಕೌದಿ ಹೊದಿಸುತ್ತಿದ್ದರು. ಇತಿಹಾಸ ಕಲಿಸುವ ಕೆಲಸ, ಇದೇ ವಾರ ಸೇರಬೇಕು, ಎಂದು ಅವರಿಗೆ ಹೇಳಿದೆ.

"ಬ್ಯಾಡ ಅನ್ನಾಕತ್ತಿಲ್ಲವ್ವ. ಮೊದ್ಲ ಮನಿಗೆ ಹೊಂದಿಕೊ. ಆಮ್ಯಾಲ ನೋಡೂಣು."

ಕೌದಿಯ ಇನ್ನೊಂದು ತುದಿ ಹಿಡಿದು ನಿಂತಿದ್ದ ನನ್ನ ಗಂಡ ಅದನ್ನು ಗಾಜಿನ ಮೇಲೆ ಎಳೆದು ಸರಿಮಾಡಿದರು.

ಹವಳ ಬಹಳ ದಿನ ಅರಳಲಿಲ್ಲ. ಮುಷ್ಟಿಯಂತೆ ಮುದುಡಿಕೊಂಡಿತ್ತು. ಗದ್ವಾಲದಿಂದ ಬಂದ ಬೀಗರೊಬ್ಬರು ಗಾಜಿಗೆ ಮೂಗು ಹಚ್ಚಿ, "ಸೆಟಗೊಂಡು ಕುಂತೈತಲ್ರೀ ಇದು. ತೆಗೆದು ಒಗೀರಿ," ಎಂದರು.

ತೊಟ್ಟಿಗೆ ಬಗ್ಗಿದ್ದ ಮಾವನವರು ತಲೆ ಎತ್ತಲೇ ಇಲ್ಲ. "ಅದು ಅರಳಲಿಲ್ಲಂದ್ರ ತಪ್ಪು ನೀರಿಂದು. ಅದರದಲ್ಲ."

ಚಹದ ತಟ್ಟೆ ಹಿಡಿದು ಹಿಂದೆ ನಿಂತಿದ್ದ ನಾನು ಕೇಳಿಯೇಬಿಟ್ಟೆ: "ಆ ಮಾತು ನನಗೂ ಹತ್ತತೈತೇನ್ರೀ, ಮಾವಾರ?"

"ಅದಕ್ಕ ನಿನ್ನಂಗ ಬಾಯಿಲ್ಲ."

"ಐತ್ರೀ, ನಟ್ಟನಡುವ. ನೀವ ತೋರ್ಸಿದ್ರಲ್ಲ."

ಬೀಗರು ಹೊಟ್ಟೆ ಹಿಡಿದು ನಕ್ಕರು. ಮಾವನವರ ಕಿವಿ ಕೆಂಪಾದವು. ಆ ವಾರ ಅವರು ತೊಟ್ಟಿಯ ನೀರು ಬದಲಿಸಿದರು. ಮಕ್ತಲದ ಕೆಲಸ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು.

ಆಮೇಲೆಯೂ ಕೇಳಿದೆ, ಬೇರೆ ಬೇರೆ ಕೆಲಸಗಳಿಗೆ. ಉತ್ತರ ಅದೇ. ಹೊಂದಿಕೊಂಡದ್ದು ಸಾಕು ಎಂದು ಯಾರು, ಯಾವಾಗ ಹೇಳಬೇಕೋ ಕೊನೆಗೂ ತಿಳಿಯಲಿಲ್ಲ.

ಕಡೆಯ ಕಾಯಿಲೆಯಲ್ಲಿ ಅವರು ತೊಟ್ಟಿಗೆ ಕೈ ಹಾಕಲು ಮಗನನ್ನೂ ಬಿಡದೆ ನನ್ನನ್ನೇ ಕರೆದರು. ಅದು ನಂಬಿಕೆಯೋ, ಮನೆಯಲ್ಲೇ ಇದ್ದವಳೆಂಬ ಅನುಕೂಲವೋ? ನಂಬಿಕೆ ಎಂದು ಒಮ್ಮೆ ಡೈರಿಯಲ್ಲಿ ಬರೆದು ಹೊಡೆದುಹಾಕಿದ್ದೇನೆ.

ಅವರು ತೀರಿಕೊಂಡ ದಿನ ಪಡಸಾಲೆ ತುಂಬ ಜನ. ಹವಳ ಅಂಗೈಗಿಂತ ಅಗಲವಾಗಿ ಅರಳಿ ತೂಗುತ್ತಿತ್ತು. "ಎಷ್ಟು ಚಲೋ ಹೊಂದಿಕೊಂಡೈತಿ," ಎಂದು ಅದೇ ಬೀಗರು ನಿಟ್ಟುಸಿರಿಟ್ಟು, ನನ್ನತ್ತ ತಿರುಗಿ, "ಸೊಸೀನೂ," ಎಂದರು.

ಮಾವನವರ ಋಣವೆಂದು ನನ್ನ ಮೇಲೇನಾದರೂ ಇದ್ದರೆ ಅದು ಆ ಒಂದು ಮಾತಿನದು. ತಪ್ಪು ನೀರಿನದು. ಇಷ್ಟು ವರ್ಷ ನನ್ನನ್ನೇ ನಾನು ಹಳಿದುಕೊಳ್ಳದಂತೆ ಕಾಯ್ದದ್ದು ಅದೇ. ಆದರೆ ಅವರು ಅದನ್ನು ನನಗೆ ಹೇಳಿದ್ದಲ್ಲ. ಗಾಜಿಗೆ ಮುಖ ಮಾಡಿ ಹೇಳಿದ್ದು.