ನಾಣ್ಯದ ಹಾದಿಗೆ ಬಿಟ್ಟ ಎಣ್ಣೆ

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ. ಆದರೂ ಯಂತ್ರಗಳ ವಿಷಯ ನನಗೆ ಸರಿಯಾಗಿ ತಿಳಿಯದು. ವಿವರಣೆಯಲ್ಲಿ ದೋಷ ಕಂಡರೆ ಓದುಗರು ಮನ್ನಿಸಬೇಕು.

ನಿಪ್ಪಾಣಿಯ ನಮ್ಮ ಮನೆಯಲ್ಲಿ ಅಜ್ಜ ಮಾಡಿದ ಕುಸ್ತಿಯ ಪೆಟ್ಟಿಗೆಯಿತ್ತು. ಮುಂದೆ ಗಾಜು, ಒಳಗೆ ಗೇಣುದ್ದದ ಇಬ್ಬರು ಕಟ್ಟಿಗೆಯ ಪೈಲ್ವಾನರು. ಮೇಲಿನ ಸೀಳಿನಲ್ಲಿ ನಾಣ್ಯ ಹಾಕಿದರೆ ಅದು ತಗಡಿನ ಇಳಿಜಾರಿನಲ್ಲಿ ಜಾರಿ ಕೊಕ್ಕೆಯ ಮೇಲೆ ಬೀಳುತ್ತಿತ್ತು. ಸ್ಪ್ರಿಂಗ್ ಬಿಚ್ಚಿಕೊಂಡು ಪೈಲ್ವಾನರು ಸೆಣಸಾಡಿ, ಕೊನೆಗೆ ಒಬ್ಬ ಚಿತ್ ಆಗುತ್ತಿದ್ದ. ಅಜ್ಜ ತೀರಿದ ಮೇಲೆ ಅಟ್ಟ ಸೇರಿದ್ದ ಅದನ್ನು ಅಪ್ಪ ತಂಬಾಕಿನ ಗೋದಾಮಿನ ಕೆಲಸ ಮುಗಿಸಿ ಬಂದು, ಕೆಮ್ಮುತ್ತಲೇ, ದುರಸ್ತಿ ಮಾಡಿದರು.

ಅಥಣಿಯಲ್ಲಿ ಖಾನಾವಳಿ ತೆರೆಯಲಿದ್ದ ಮಾಲೀಕರೊಬ್ಬರು, ಇದು ಸರಿಯಾಗಿ ಓಡಿದರೆ ಇಂಥವೇ ನಾಲ್ಕು ಮಾಡಿಸುವುದಾಗಿ ಹೇಳಿಕಳಿಸಿದ್ದರು. ಆ ಕೆಲಸ ಸಿಕ್ಕರೆ ಅಪ್ಪ ಗೋದಾಮು ಬಿಡುವವರಿದ್ದರು. ಬಿಡಲೇಬೇಕೆಂದು ವೈದ್ಯರೂ ಹೇಳಿದ್ದರು.

ಮಾಲೀಕರು ಪೆಟ್ಟಿಗೆ ನೋಡಲು ಬರುವ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಾಜನ್ನು ಮೂರು ಬಾರಿ ಒರೆಸಿದೆ. ನಾಣ್ಯ ಇಳಿಯುವಾಗಿನ ಕರಕರ ಸದ್ದು ದೋಷವೆನಿಸಿ, ಅಪ್ಪ ಮನೆಯಲ್ಲಿಲ್ಲದಾಗ ಇಳಿಜಾರಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ವಾಸನೆ ಹೋಗಲೆಂದು ಮುಚ್ಚಳ ತೆರೆದಿಟ್ಟೆ. ಪಕ್ಕದ ಅಂಗಳದಲ್ಲಿ ದಿನವಿಡೀ ತಂಬಾಕು ಸೋಸುತ್ತಿದ್ದರು. ಆ ಧೂಳು ಎಣ್ಣೆಗೆ ಅಂಟಿದ್ದನ್ನು ನಾನು ಗಮನಿಸಲಿಲ್ಲ.

ಸಂಜೆ ಮಾಲೀಕರು ಹಾಕಿದ ನಾಣ್ಯ ಅರ್ಧ ದಾರಿಯಲ್ಲೇ ನಿಂತಿತು. ಇನ್ನೊಂದು ಹಾಕಿದರು, ಅದೂ ನಿಂತಿತು.

“ಪೈಲ್ವಾನರು ಉಪವಾಸ ಅದಾರೇನ್ರಿ ಕಾಕಾ?”

ಅಪ್ಪ ಒಳಗೆ ಬೆರಳಾಡಿಸಿ ಮೂಸಿದರು. ಗಾಲಿಗೆ ಎಣ್ಣೆ, ನಾಣ್ಯದ ಹಾದಿಗೆ ಸೀಮೆಸುಣ್ಣದ ಪುಡಿ: ಇದು ಅಜ್ಜನ ಪದ್ಧತಿ. ಅದನ್ನು ಅಪ್ಪ ನನಗೆ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಅಪ್ಪ ನನ್ನ ಕಡೆ ಒಮ್ಮೆ ನೋಡಿ, ಮಾಲೀಕರಿಗೆ ಹೇಳಿದರು:

“ಎಣ್ಣಿ ನಾನ ಬಿಟ್ಟಿದ್ದೆರಿ. ಮರತು ಬಿಟ್ಟೆ.”

“ಮಾಡಾವ್ರಿಗೇ ಮರವು ಅಂದ್ರ, ನಾಕ್ ಪೆಟಗಿ ಹೆಂಗ್ ಒಪ್ಪಸ್ಲಿರಿ?”

ತಪ್ಪು ನನ್ನದೆಂದು ಹೇಳಬೇಕಿತ್ತು. ಹೇಗೆ ಆರಂಭಿಸಿದರೆ ಸರಿಯಾದೀತೆಂದು ಯೋಚಿಸುತ್ತ ನಿಂತೆ. ಅಷ್ಟರಲ್ಲಿ ಹೊರಗೆ ಮಾಲೀಕರ ಮೋಟಾರ್ ಸೈಕಲ್ ಆರಂಭವಾಯಿತು. ಅಪ್ಪ ಅರಿವೆ ತಂದು ಇಳಿಜಾರು ಒರೆಸತೊಡಗಿದರು.

ಆ ಮಾಲೀಕರು ಮತ್ತೆ ಬರಲಿಲ್ಲ. ಅಪ್ಪ ಇನ್ನೂ ಎರಡು ವರ್ಷ ಗೋದಾಮಿನಲ್ಲೇ ದುಡಿದರು. ಹಾರೂಗೇರಿಯಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕ ಮೇಲೆ ಬಿಟ್ಟರು. ನಾವೆಲ್ಲ ಇಲ್ಲಿಗೆ ಬಂದೆವು. ಪೆಟ್ಟಿಗೆ ಪಡಸಾಲೆಯಲ್ಲಿದೆ, ಓಡುತ್ತದೆ. ಅಪ್ಪನ ಕೆಮ್ಮು ಹೋಗಿಲ್ಲ.