ಜ್ವರದ ಅನ್ನ

ಹನೂರಿನ ಕಡೆಯ ನಮ್ಮೂರಿನಲ್ಲಿ ಆಗೆಲ್ಲ ಒಲೆಯ ಮೇಲೆ ಅನ್ನ ಬೇಯಬೇಕಾದರೆ ಹಬ್ಬ ಬರಬೇಕಿತ್ತು, ಇಲ್ಲ ನೆಂಟರು ಬರಬೇಕಿತ್ತು, ಅದೂ ಇಲ್ಲವೆಂದರೆ ಜ್ವರ ಬರಬೇಕಿತ್ತು. ನಮ್ಮದು ಮಳೆ ನಂಬಿದ ಹೊಲ. ಬೆಳೆದದ್ದೂ ರಾಗಿ, ಉಂಡದ್ದೂ ರಾಗಿ. ಬೆಳಿಗ್ಗೆ ಅಂಬಲಿ, ರಾತ್ರಿ ಅವರೆಕಾಳಿನ ಸಾರಿಗೆ ಬಿಸಿಮುದ್ದೆ. ಅಕ್ಕಿ ಮಾತ್ರ ಅಡುಗೆಮನೆ ಮೂಲೆಯ ಮಡಕೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿರುತ್ತಿತ್ತು.

ರಾಗಿ ತೆನೆ ಕೊಯ್ಯುವ ಕಾಲಕ್ಕೆ ಒಂದು ಸಲ ನನಗೆ ಜ್ವರ ಹಿಡಿಯಿತು. ಅವ್ವ ದಿನಾ ಮೆತ್ತನೆಯ ಅನ್ನ ಮಾಡಿ, ಮೆಣಸಿನ ಸಾರು ಕಲಸಿ ಕೊಡುತ್ತಿದ್ದಳು. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ತಂಗಿ ಮಾದೇವಿ ಅನ್ನದ ವಾಸನೆಗೆ ಆಟ ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಕೇಳುತ್ತಿರಲಿಲ್ಲ, ನೋಡುತ್ತಿದ್ದಳು ಅಷ್ಟೆ.

"ಅವಳ್ಗೂ ಒಂದ್ ತುತ್ತು ಕೊಡವ್ವಾ" ಅಂದರೆ ಅವ್ವ, "ಕಾಯ್ಲೆ ಮಗೀನ ಅನ್ನ ಅದು. ಇರೋದೇ ಒಂದಿಡಿ. ನೀ ಉಣ್ಣು ಸುಮ್ಕೆ" ಎಂದು ಗದರುತ್ತಿದ್ದಳು.

ನಾನು ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಅನ್ನ ರುಚಿಯಾಗಿಯೂ ಇರುತ್ತಿತ್ತು.

ನಾನು ಎದ್ದು ಓಡಾಡುವ ಹೊತ್ತಿಗೆ ಮಾದೇವಿ ಮಲಗಿದಳು. ಮೈ ಕೆಂಡದಂತೆ ಸುಡುತ್ತಿತ್ತು. ಅವ್ವ ಮಡಕೆಯ ತಳ ಬಳಿದು ಅನ್ನ ಬೇಯಿಸಿ ತಂದಳು. ಮಾದೇವಿ ಎದ್ದು ಕೂತು ದೊಡ್ಡ ತುತ್ತು ಬಾಯಿಗಿಟ್ಟಳು. ನುಂಗಲಾಗದೆ ಉಗುಳಿದಳು.

"ಬಾಯೆಲ್ಲಾ ಕಯ್ಯಿ ಕಣವ್ವಾ..." ಎಂದು ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. "ಕೊಟ್ಗೆ ತಾವ ಮಳೇಲಿ ನಿಂತ್ಕಂಡಿದ್ದೆ. ನಂಗೂ ಜರ ಬರ್ಲಿ ಅಂತ."

"ಅನ್ನ ಬೇಕು ಅಂತ ಕೇಳ್ಬಾರ್ದಾ ಮಗಾ?"

"ಕೇಳಿದ್ರೆ ಎಲ್ಲಿಂದ ತರ್ತಿದ್ದೆ?"

ಅವ್ವ ಸೆರಗಿನಿಂದ ಅವಳ ಬಾಯಿ ಒರೆಸುತ್ತಾ ಕೂತಳು. ನನಗೆ ಇಬ್ಬರ ಮುಖವನ್ನೂ ನೋಡುವ ಧೈರ್ಯವಾಗಲಿಲ್ಲ.

ಮುಂದೆ ಗಂಡು ನೋಡುವಾಗ ಮಾದೇವಿ ಕೇಳಿದ್ದು ಒಂದೇ ಮಾತು, "ಅವ್ರಿಗೆ ಗದ್ದೆ ಅದಾ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗದ್ದೆ ಇತ್ತು. ಯಳಂದೂರಿನ ಪಕ್ಕದ ಹೊನ್ನೂರು, ಕಣ್ಣು ಹಾಯುವಷ್ಟು ದೂರ ಭತ್ತ. ಅವಳು ಗೆದ್ದಳು ಅಂದುಕೊಂಡು ನಾನೂ ಹಗುರಾದೆ.

ಈಗ ನಮ್ಮೂರಲ್ಲೂ ಎರಡು ಹೊತ್ತು ಅನ್ನವೇ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮುಸುಕಿನ ಜೋಳ ನಿಂತಿದೆ. ಹೊಸ ರಾಗಿಹಿಟ್ಟಿನ ಘಮವೂ ಇಲ್ಲ, ಅವ್ವನೂ ಇಲ್ಲ. ಹೋದ ತಿಂಗಳು ಹೊನ್ನೂರಿಗೆ ಹೋಗಿದ್ದೆ. ಮಾದೇವಿ ನನ್ನ ತಟ್ಟೆಗೆ ತನ್ನ ಗದ್ದೆಯ ಹೊಸ ಅಕ್ಕಿಯ ಅನ್ನ ಬಡಿಸಿ, ತಾನು ಪುಟ್ಟದೊಂದು ಮುದ್ದೆ ಇಟ್ಟುಕೊಂಡಳು.

"ಶುಗರ್ ಬಂದದೆ ಕಣಕ್ಕ. ಡಾಕ್ಟ್ರು ಅನ್ನ ಮುಟ್ಬ್ಯಾಡಿ ಅಂದವ್ರೆ."

ನಾನು ತಟ್ಟೆ ಸರಿಸಿದೆ. ಅವಳು ಅದನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿ, "ನೀ ಉಣ್ಣು ಸುಮ್ಕೆ" ಎಂದಳು, ಥೇಟ್ ಅವ್ವನ ದನಿಯಲ್ಲಿ.

ಉಂಡೆ. ಆಗ, ಅವ್ವ ಬೇಡವೆಂದರೂ, ಒಂದು ತುತ್ತು ಕೊಡಬಹುದಿತ್ತು. ಈಗ ಮನೆ ತುಂಬ ಅನ್ನವಿದೆ, ಒಂದು ತುತ್ತೂ ಕೊಡುವ ಹಾಗಿಲ್ಲ.