ಚೂರು ಫೋಟೋಗಳಲ್ಲಿ ಕೂಡಿಬಂದ ಕೌದಿ ಆಯಿ

ನಾನು ಅಜ್ಜಿಯಾಗಿದ್ದೇನೆ. ಮದುವೆಯಾದ ಹನ್ನೊಂದು ವರ್ಷಕ್ಕೆ ನನ್ನ ಮಗಳು ಹೆಣ್ಣು ಹಡೆದಿದ್ದಾಳೆ. ನಿನ್ನೆ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಬರೆದು ರೂಢಿಯಿಲ್ಲ. ಆದರೂ ಸಂತೋಷ ಒಳಗೆ ಹಿಡಿಸುತ್ತಿಲ್ಲ, ಬರೆಯಲು ಕುಳಿತೆ. ಬರೆಯಬೇಕಾದದ್ದು ಮಾತ್ರ ಕೂಸಿನ ಮಾತಲ್ಲ, ಒಂದು ಕೌದಿಯ ಮಾತು.

ಏಳು ತಿಂಗಳ ಬಸುರಿ ಮಗಳನ್ನು ಶಿಗ್ಗಾಂವಿಯ ಗಂಡನ ಮನೆಯಿಂದ ಕರೆತಂದ ದಿನ, ಕೂಸಿಗೆ ಹಾಸಲು ಮೆತ್ತಗಿನದೇನಾದರೂ ಇದೆಯೇ ಎಂದು ಟ್ರಂಕು ತೆಗೆದೆ. ಬೇವಿನೆಲೆಯ ಒಣ ವಾಸನೆ ಮುಖಕ್ಕೆ ಬಡಿಯಿತು. ಅಡಿಯಲ್ಲಿ ಪಕ್ಕದ ಮನೆಯ ಆಯಿ ಹೊಲಿದ ಕೌದಿ ಇತ್ತು, ಒಂದು ಮೂಲೆ ಹೊಲಿಯದೆ ಬಿಟ್ಟದ್ದು. ನಾನು ತಡೆಯುವಷ್ಟರಲ್ಲಿ ಮಗಳು ಅದನ್ನು ಝಾಡಿಸಿಬಿಟ್ಟಳು. ಆ ಮೂಲೆಯಿಂದ ಉಗುರಿನಷ್ಟು ಫೋಟೋದ ಚೂರು ನೆಲಕ್ಕೆ ಬಿತ್ತು...

ನಮ್ಮ ಹತ್ತಿಮತ್ತೂರಿನ ಓಣಿಯಲ್ಲಿ ಎಲ್ಲರೂ ಆ ಮುದುಕಿಯನ್ನು ಕೌದಿ ಆಯಿ ಎನ್ನುತ್ತಿದ್ದರು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ. ಹರೆಯದಲ್ಲೇ ಗಂಡ ತೀರಿದ್ದ. ಹಳೆಯ ಸೀರೆ, ಧೋತರ, ಅಂಗಿ, ಯಾರು ಏನೇ ಕೊಡಲಿ, ಚೂರು ಮಾಡಿ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಯಾವ ಚೂರನ್ನೂ ಎಸೆಯುತ್ತಿರಲಿಲ್ಲ. "ಮಾಸಿದ್ದೂ ಬೇಕವ್ವಾ, ಅದು ಬಾಜೂಕ ಇದ್ರ ಕೆಂಪ ಎದ್ದ ಕಾಣತೈತಿ" ಎನ್ನುತ್ತಿದ್ದಳು. ಕೊನೆಯ ಮೂಲೆ ಹೊಲಿಯುವ ಮುನ್ನ ಒಳಗೆ ಹೋಳಿಗೆಯ ತುಣುಕು ಇಡುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿಸುವುದು ಅಂತ ಅದಕ್ಕೆ. ಹೊಟ್ಟೆ ತುಂಬಿದ ಕೌದಿ ಹೊದ್ದವರಿಗೆ ಹಸಿವಿನ ಕಾಟ ಇರುವುದಿಲ್ಲವಂತೆ.

ನನ್ನ ಮಗಳ ಮದುವೆಯ ದಿನ ಫೋಟೋ ತೆಗೆಯುವಾಗ ಆಯಿ ತಾನಾಗಿಯೇ ಬಾಗಿಲ ಹಿಂದೆ ಸರಿದಳು. ಗಂಡನಿಲ್ಲದವರು ಮದುಮಕ್ಕಳ ಜೊತೆ ನಿಲ್ಲುವ ಪದ್ಧತಿ ಇರಲಿಲ್ಲ. ಬರ್ರಿ ಎಂದು ನಾನೂ ಕರೆಯಲಿಲ್ಲ. ಆದರೆ ಇಣುಕಿದ ಮುಖ ಫೋಟೋದ ಅಂಚಿನಲ್ಲಿ ಬಂದಿತ್ತು. ನಾಲ್ಕು ವರ್ಷವಾದರೂ ಮಗಳ ಮಡಿಲು ತುಂಬಲಿಲ್ಲ. ನನ್ನ ಹಿರಿಯ ನಾದಿನಿ ಗೋಡೆಯ ಮೇಲಿದ್ದ ಆ ಫೋಟೋ ನೋಡಿ, "ಗಂಡ ಸತ್ತಾಕಿ ಹಿಂದ ನಿಂತಾಳ. ಮಕ್ಕಳಾಗು ಅಂದ್ರ ಹ್ಯಾಂಗ ಆಗತಾವ?" ಎಂದರು. ಅವರು ಹೋದ ಮೇಲೆ ನಾನು ಗಾಜು ಬಿಚ್ಚಿ, ಕತ್ತರಿ ಹಿಡಿದು ಆಯಿಯ ಮುಖವನ್ನು ಕತ್ತರಿಸಿ ತೆಗೆದೆ.

ಮರುದಿನ ಆಯಿ ಬಂದಳು. ಮಗಳಿಗೆ ಹುಟ್ಟುವ ಕೂಸಿಗೆಂದು ಹೊಲಿಯುತ್ತಿದ್ದ ಕೌದಿ ಕಂಕುಳಲ್ಲಿತ್ತು. ಗೋಡೆಯ ಮೇಲಿನ ಫೋಟೋದ ಕತ್ತರಿಸಿದ ಅಂಚನ್ನು ನೋಡಿದಳು.

"ಚೂರು ಎಲ್ಲಿ ಒಗದಿ?"

ಕತ್ತರಿಯ ಜೊತೆ ಡಬ್ಬಿಯಲ್ಲಿ ಇಟ್ಟಿದ್ದೆ, ತೆಗೆದು ಕೊಟ್ಟೆ. ಆಕೆ ಅದನ್ನು ಕೌದಿಯ ತೆರೆದ ಮೂಲೆಯೊಳಗೆ ತುರುಕಿದಳು. "ಇಲ್ಲೇ ಇರಲಿ ಬಿಡು. ಕೂಸು ಹುಟ್ಟಿದ ಮ್ಯಾಲೆ ಹೋಳಗಿ ಇಟ್ಟು ಹೊಲದ ಕೊಡತೇನಿ" ಎಂದು ಕೌದಿಯನ್ನು ನನ್ನ ಮನೆಯಲ್ಲೇ ಬಿಟ್ಟುಹೋದಳು. ಆಮೇಲೂ ಬಂದಳು, ಮಾತಾಡಿದಳು. ಆದರೆ ಕಟ್ಟೆಯ ಮೇಲೆ ಕೂರುತ್ತಿದ್ದಳೇ ಹೊರತು ಒಳಗೆ ಬರಲಿಲ್ಲ. ಎರಡು ವರ್ಷಕ್ಕೆ ತೀರಿಹೋದಳು. ತಪ್ಪಾಯಿತು ಎಂದು ನಾನು ಹೇಳಲೇ ಇಲ್ಲ...

ಇದನ್ನೆಲ್ಲ ಮಗಳಿಗೆ ಹೇಳಿದೆ. ಎರಡು ದಿನ ಆಕೆ ಮುನಿಸಿಕೊಂಡೇ ಆ ಚೂರು ಹಿಡಿದು ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಮೂರನೇ ದಿನ, "ನಿನ್ನ ಮೊಬೈಲ್ ಕೊಡಬೇ" ಎಂದಳು. ಆ ಚೂರನ್ನು ದೊಡ್ಡದು ಮಾಡಿದರೆ ಮುಖವೆಲ್ಲ ಕಲಸಿಹೋಗುತ್ತಿತ್ತು. ಅದಕ್ಕೆ ಬೇರೆ ಉಪಾಯ ಹುಡುಕಿದ್ದಳು. ಮನೆಯವರೆಲ್ಲರ ಮೊಬೈಲಿನ ಫೋಟೋಗಳನ್ನು ಲ್ಯಾಪ್‌ಟಾಪಿಗೆ ತುಂಬಿದರೆ, ಅದು ಒಂದೊಂದನ್ನೂ ಕಾಳಿನಷ್ಟು ಮಾಡಿ, ಬಣ್ಣ ನೋಡಿ ಜೋಡಿಸುತ್ತದೆ. ಹತ್ತಿರ ಹೋದರೆ ಸಾವಿರಾರು ಫೋಟೋ, ದೂರ ನಿಂತರೆ ಆಯಿಯ ಒಂದೇ ಮುಖ.

"ನನ್ನ ಮೊಬೈಲಿನಾಗ ಏನೈತಿ? ಬರೇ ಹೆಬ್ಬೆರಳು, ಕತ್ತಲಿ" ಎಂದೆ. ನಾನು ಫೋಟೋ ಹೊಡೆದಾಗಲೆಲ್ಲ ಬೆರಳೇ ಅಡ್ಡ ಬರುತ್ತದೆ.

"ಅವ ಬೇಕಾಗ್ಯಾವ. ಗಲ್ಲಕ್ಕ ನಿನ್ನ ಬೆರಳು, ಕೂದಲಕ್ಕ ಕತ್ತಲಿ. ಒಂದೂ ಅಳಿಸಬ್ಯಾಡ" ಎಂದಳು.

ಆಯಿಯೇ ಮಾತಾಡಿದಂತಾಯಿತು.

ಸವಣೂರಿನ ಸ್ಟುಡಿಯೋದಲ್ಲಿ ಅಚ್ಚು ಹಾಕಿಸುವ ಮೊದಲೇ ಹೆರಿಗೆಯಾಯಿತು. ಆಗ ಮಗಳು ಹಣೆಯ ನಡುವಿನ ಒಂದು ಚೌಕವನ್ನು ತಾನೇ ಬದಲಿಸಿದಳು. ಅಲ್ಲಿ ತಲೆಗೆ ಕೆಂಪು ಕುಂಚಿಗೆ ಹಾಕಿಕೊಂಡ ಕೂಸಿನ ಫೋಟೋ ಇದೆ. ದೂರದಿಂದ ನೋಡಿದರೆ ಕುಂಕುಮ.

ನಿನ್ನೆ ನಾದಿನಿಯೂ ಬಂದಿದ್ದರು. ಗೋಡೆಗೆ ಹಾಕಿದ ಆ ದೊಡ್ಡ ಫೋಟೋದ ಮುಂದೆ ನಿಂತು, "ಇಕಿ ಕೌದಿ ಆಯಿ ಅಲ್ಲೇನ? ಇವತ್ತ ಇದನ್ಯಾಕ ಇಲ್ಲಿ..." ಎಂದು ನನ್ನ ಮುಖ ನೋಡಿದರು. ಅಂದು ಸುಮ್ಮನಿದ್ದವಳು ನಾನು. ನಿನ್ನೆ ಬಾಯಿ ಬಿಟ್ಟೆ.

"ತೊಟ್ಟಿಲಾ ಆಕಿ ಕೆಳಗ ಕಟ್ಟತೇವ್ರಿ ಅಕ್ಕಾರ. ನೀವೂ ಅದೀರಿ ನೋಡ್ರಿ ಅದರಾಗ, ಆಯಿ ಕಿವಿ ಹತ್ರ."

ಅವರು ಚಾಳೀಸು ಮೂಗಿಗೆ ಏರಿಸಿಕೊಂಡು ತಮ್ಮನ್ನು ಹುಡುಕಲು ನಿಂತರು. ಸಿಕ್ಕ ಮೇಲೆ, "ಕಣ್ಣ ಮುಚ್ಚಿದ್ದ ಫೋಟೋನ ಹಾಕೀರಲ್ಲ" ಎಂದರು, ಅಷ್ಟೇ. ತೊಟ್ಟಿಲ ಮೊದಲ ಗಂಟನ್ನು ಬಿಗಿದವರೂ ಅವರೇ.

ಸಂಜೆ ಹಂಚಿನಿಂದಿಳಿದ ಮೊದಲ ಹೋಳಿಗೆಯ ತುಣುಕನ್ನು ಕೌದಿಯ ಮೂಲೆಯೊಳಗೆ ಇಟ್ಟೆ, ಪಕ್ಕದಲ್ಲಿ ಆ ಉಗುರಿನಷ್ಟು ಚೂರನ್ನೂ. ಮಗಳು ಸೂಜಿಗೆ ದಾರ ಪೋಣಿಸಿಕೊಟ್ಟಳು. ಹೊಲಿಯಬೇಕಾಗಿದ್ದ ಕೈ ಇಲ್ಲ, ನನ್ನ 'ತಪ್ಪಾಯಿತು' ಕೇಳುವ ಕಿವಿಯೂ ಇಲ್ಲ... ನನ್ನ ಹೊಲಿಗೆ ಸೊಟ್ಟಗಾಗಿದೆ. ಕೂಸಿಗೆ ಅದೇನೂ ಗೊತ್ತಾಗಲಿಲ್ಲ, ಕೌದಿಯ ಮೇಲೆ ಮುಷ್ಟಿ ಬಿಗಿದು ಮಲಗಿತು. ನಾವೆಲ್ಲರೂ ಒಳಮನೆಯಲ್ಲಿ, ಆಯಿಯ ಎದುರಿಗೆ, ಒಂದೇ ಸಾಲಿನಲ್ಲಿ ಕುಳಿತು ಹೋಳಿಗೆ ಉಂಡೆವು.